ಅರ್ಧ ಅಂದರೆ ಯಾವ ಅರ್ಧ?

ಕಳೆದ ಮಳೆಗಾಲದ ಮಾತು. ಜೂನ್ ಕೊನೆಯ ವಾರ, ಮಲೆನಾಡಿನ ಜಯಪುರದ ಕಡೆ ಮೂರು ದಿನದಿಂದ ಮಳೆ ಹಿಡಿದುಕೊಂಡಿತ್ತು. ಕರೆಂಟು ಹೋಗಿ ಎರಡು ದಿನವಾಗಿತ್ತು. ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗ ಜಗಲಿಯಲ್ಲಿ ಕೂತು, ಮೊಬೈಲಿನಲ್ಲಿ ಉಳಿದಿದ್ದ ಅಷ್ಟಿಷ್ಟು ಚಾರ್ಜಿನಲ್ಲಿ, "ಮಾವ, ಹತ್ತು ಪ್ರಶ್ನೆ ಕೇಳ್ತೀನಿ. ಹೌದು, ಅಲ್ಲ, ಗೊತ್ತಿಲ್ಲ ಅಂತ ಹೇಳಿ ಸಾಕು. ನಿಮ್ಮ ರಾಜಕೀಯ ಎಂತದು ಅಂತ ಇದು ಹೇಳುತ್ತೆ" ಎಂದ. ಜಗಲಿಯಲ್ಲಿ ಆಚೆ ಮನೆಯ ಗೌಡರಿದ್ದರು. ಮಳೆ ಹೊಳವಾದರೆ ಕೊನೆಗೆ ಔಷಧಿ ಹೊಡೆಯಬೇಕೆಂದು ಕಾಯುತ್ತ ಕೂತಿದ್ದ ಕೊನೆಗಾರರೂ ಇದ್ದರು. ಮೂವತ್ತು ವರ್ಷದಿಂದ ನಮ್ಮೂರಿನ ಅಡಿಕೆ ಮರ ಹತ್ತಿದ ಕಾಲು ಅವರದು.

ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ಪತ್ರಿಕೆ, ಇಂಟರ್ನೆಟ್ಟಿಗೆ ಸರ್ಕಾರ ಸೆನ್ಸಾರ್ ಹಾಕಬಾರದು, ಒಪ್ಪುತ್ತೀರಾ? ಸೈನ್ಯಕ್ಕೆ ಯಾರನ್ನೂ ಒತ್ತಾಯದಿಂದ ಸೇರಿಸಬಾರದು, ಒಪ್ಪುತ್ತೀರಾ? ದೇಶದೇಶಗಳ ನಡುವಿನ ವ್ಯಾಪಾರಕ್ಕೆ ಸರ್ಕಾರ ಒಡ್ಡಿದ ಅಡ್ಡಿಯೆಲ್ಲ ಹೋಗಬೇಕು, ಒಪ್ಪುತ್ತೀರಾ? ಕೊನೆಯದಾಗಿ, ತೆರಿಗೆಯನ್ನೂ ಸರ್ಕಾರದ ಖರ್ಚನ್ನೂ ಅರ್ಧಕ್ಕೆ ಇಳಿಸಬೇಕು, ಒಪ್ಪುತ್ತೀರಾ?

ಗೌಡರು ತಕ್ಷಣ "ಹೌದು" ಎಂದರು. ಹಿಂದಿನ ವಾರವಷ್ಟೇ ಅರಣ್ಯ ಇಲಾಖೆಯ ಆಫೀಸಿಗೆ ಮೂರನೇ ಸಲ ಅಲೆದು ಬಂದಿದ್ದರು. ಕೊನೆಗಾರರು ಮಾತ್ರ ಬಾಯಿಯ ಎಲೆಅಡಿಕೆಯನ್ನು ಅಂಗಳಕ್ಕೆ ಉಗಿದು ಬಂದು ಕೇಳಿದರು: "ಅರ್ಧ ಅಂದ್ರೆ ಯಾವ ಅರ್ಧ, ತಮ್ಮಾ?"

"ಅದನ್ನೆಲ್ಲ ಇದು ಕೇಳಲ್ಲ" ಎಂದ ಹುಡುಗ.

ಆ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ. ಹುಡುಗ ತಂದಿದ್ದ ಆ ಹತ್ತು ಪ್ರಶ್ನೆಗಳ ಹಿಂದೆ ಅರ್ಧ ಶತಮಾನಕ್ಕೂ ಮೀರಿದ ಕಥೆ ಇದೆ. ಎಡ, ಬಲ ಎಂಬ ಮಾತು ಹುಟ್ಟಿದ್ದು 1789ರ ಫ್ರಾನ್ಸಿನಲ್ಲಿ. ಅಲ್ಲಿನ ಸಭೆಯಲ್ಲಿ ಅರಸನ ಅಧಿಕಾರ ಉಳಿಯಬೇಕೆಂದವರು ಅಧ್ಯಕ್ಷರ ಬಲಕ್ಕೆ ಕೂತರು, ಬೇಡವೆಂದವರು ಎಡಕ್ಕೆ. ಇಷ್ಟು ದೊಡ್ಡ ಜಗತ್ತನ್ನು ಒಂದೇ ಗೆರೆಯ ಮೇಲೆ ಕೂರಿಸಲಾಗದು ಎಂದು ಅನೇಕರಿಗೆ ಅನ್ನಿಸಿತ್ತು. 1969ರಲ್ಲಿ ಡೇವಿಡ್ ನೋಲನ್ ಎಂಬ ಅಮೆರಿಕದ ಯುವಕ ಒಂದು ಗೆರೆಯ ಬದಲು ಎರಡು ಗೆರೆ ಎಳೆದ. ಒಂದು, ಹಣಕಾಸಿನ ವಿಷಯದಲ್ಲಿ ಮನುಷ್ಯನಿಗೆಷ್ಟು ಸ್ವಾತಂತ್ರ್ಯ. ಇನ್ನೊಂದು, ಖಾಸಗಿ ಬದುಕಿನಲ್ಲಿ ಎಷ್ಟು. ಎರಡರಲ್ಲೂ ಪೂರ್ತಿ ಸ್ವಾತಂತ್ರ್ಯ ಬಯಸುವವನು ಲಿಬರ್ಟೇರಿಯನ್. ಅವನ ಜಾಗ ಚಿತ್ರದ ತುತ್ತತುದಿಯಲ್ಲಿ. 1971ರ ಡಿಸೆಂಬರ್‌ನಲ್ಲಿ ಕೊಲೊರಾಡೋದಲ್ಲಿ ಲಿಬರ್ಟೇರಿಯನ್ ಪಕ್ಷ ಕಟ್ಟಿದವರಲ್ಲಿ ನೋಲನ್ ಮುಖ್ಯ. ಮುಂದೆ ಮಾರ್ಷಲ್ ಫ್ರಿಟ್ಜ್ ಎಂಬಾತ 1985ರಲ್ಲಿ ಈ ವಿಚಾರದ ಪ್ರಚಾರಕ್ಕಾಗಿ ಒಂದು ಸಂಸ್ಥೆ ಕಟ್ಟಿ, ನೋಲನ್ನನ ಚಿತ್ರವನ್ನು ಜೇಬಿನಲ್ಲಿಡುವ ವಿಸಿಟಿಂಗ್ ಕಾರ್ಡಿನಷ್ಟು ಕಾಗದದ ಮೇಲೆ ಹತ್ತು ಪ್ರಶ್ನೆಗಳ ಪರೀಕ್ಷೆಯಾಗಿಸಿದ. ಐದು ಪ್ರಶ್ನೆ ಖಾಸಗಿ ಬದುಕಿಗೆ, ಐದು ಹಣಕಾಸಿಗೆ. ಒಪ್ಪಿದರೆ 20 ಅಂಕ, ಅನುಮಾನವಿದ್ದರೆ 10, ಒಪ್ಪದಿದ್ದರೆ ಸೊನ್ನೆ.

ಈ ಲೆಕ್ಕವನ್ನು ಇನ್ನೊಮ್ಮೆ ಓದಿ. ಹತ್ತಕ್ಕೆ ಹತ್ತು ಪ್ರಶ್ನೆಯಲ್ಲೂ "ಹೌದು" ಎಂದವನಿಗೆ ಎರಡು ಗೆರೆಯಲ್ಲೂ ನೂರಕ್ಕೆ ನೂರು, ಅವನು ಲಿಬರ್ಟೇರಿಯನ್. ಒಂದೇ ಒಂದು ಪ್ರಶ್ನೆಯೂ ತಿರುವುಮುರುವಾಗಿ ಇಲ್ಲ. ಕೇಳಿದ್ದಕ್ಕೆಲ್ಲ ತಲೆಯಾಡಿಸುವುದು ಮನುಷ್ಯನ ಸ್ವಭಾವ. ಮನೆಗೆ ಬಂದವರು ಸೌಜನ್ಯದಿಂದ ಕೇಳಿದರೆ ಮಲೆನಾಡಿನಲ್ಲಿ ಯಾರೂ ಮುಖ ಮುರಿದು "ಇಲ್ಲ" ಅನ್ನುವುದಿಲ್ಲ. ಸಮೀಕ್ಷೆ ಮಾಡುವವರಿಗೆ ಈ ಗುಣ ಚೆನ್ನಾಗಿ ಗೊತ್ತು. ಅದಕ್ಕಾಗಿಯೇ ಅವರು ಅರ್ಧ ಪ್ರಶ್ನೆಗಳನ್ನು ಉಲ್ಟಾ ಕೇಳುತ್ತಾರೆ. ಇಲ್ಲಿ ಹಾಗೆ ಮಾಡಿಲ್ಲ. ಪ್ರಶ್ನೆಪತ್ರಿಕೆ ತೆಗೆದವರೂ ಅದೇ ಪಂಥದವರು, ಮೊದಲ ರ‍್ಯಾಂಕು ಕೊಡುವುದೂ ಅದೇ ಪಂಥಕ್ಕೆ. 2001ರಲ್ಲಿ ಬಂದ 'ಪೊಲಿಟಿಕಲ್ ಕಂಪಾಸ್' ಇದಕ್ಕಿಂತ ಹಿಗ್ಗಿದ್ದು, 62 ಹೇಳಿಕೆಗಳದು. ಅದರಲ್ಲಿ "ಗೊತ್ತಿಲ್ಲ" ಎಂಬ ಉತ್ತರಕ್ಕೇ ಜಾಗವಿಲ್ಲ.

ಗೌಡರಿಗೆ ಖಾಸಗಿಯಲ್ಲಿ 70, ಹಣಕಾಸಿನಲ್ಲಿ 50 ಬಂತು. ಚಿತ್ರದ ನಡುಮಧ್ಯದ ಚೌಕದಲ್ಲಿ ಒಂದು ಚುಕ್ಕೆ ಬಿತ್ತು. "ಹಾಗಂದ್ರೆ ಎಂತ? ನಂಗೆ ಒಂದು ನಿಲುವೇ ಇಲ್ಲ ಅಂತಲಾ?" ಎಂದು ಅವರು ಕೇಳಿದಾಗ ದನಿಯಲ್ಲಿ ನೋವಿತ್ತು. ಮೂವತ್ತು ವರ್ಷ ಸೊಸೈಟಿ ಸಭೆಗಳಲ್ಲಿ ಎದ್ದು ನಿಂತು ಮಾತಾಡಿದ ಮನುಷ್ಯ ಅವರು. ಅವರಿಗೆ ನಿಲುವಿದೆ ಎಂದು ನನಗೆ ಗೊತ್ತು. ಆ ನಿಲುವನ್ನು ಅಳೆಯುವ ಕೋಲು ಆ ಚಿತ್ರದಲ್ಲಿಲ್ಲ ಎಂಬುದಷ್ಟೇ ನನ್ನ ತಕರಾರು.

ಲಿಬರ್ಟೇರಿಯನ್ ಎಂಬುದಕ್ಕೆ ಕನ್ನಡದಲ್ಲಿ ಒಂದು ನೆಲೆಯಾದ ಪದ ಇನ್ನೂ ಆಗಿಲ್ಲ. 'ಸ್ವೇಚ್ಛಾವಾದಿ' ಎಂದರೆ ಬೈಗುಳ ಆಗುತ್ತದೆ. 'ಸ್ವಾತಂತ್ರ್ಯವಾದಿ' ಎಂದರೆ ಖಾದಿ ತೊಟ್ಟ ಅಜ್ಜ ಕಣ್ಣೆದುರು ಬರುತ್ತಾರೆ. ಹಾಗಾಗಿ ಇಂಗ್ಲಿಷಿನ ಪದವನ್ನೇ ಇಟ್ಟುಕೊಳ್ಳುತ್ತೇನೆ. ಆದರೆ ಪದವಿಲ್ಲ ಎಂದ ಮಾತ್ರಕ್ಕೆ ವಿಚಾರ ನಮಗೆ ಹೊಸದೇನಲ್ಲ. ಅದರ ಬಲವಾದ ಅರ್ಧವನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಫಿ ಬೆಳೆಗಾರ ಯಾವ ಪುಸ್ತಕವನ್ನೂ ಓದದೆ ಮೈಮೇಲೆ ಅನುಭವಿಸಿದ್ದಾನೆ.

ಎರಡನೇ ಮಹಾಯುದ್ಧ ಶುರುವಾದಾಗ ಯುರೋಪಿನ ಮಾರುಕಟ್ಟೆ ಮುಚ್ಚಿತು, ಕಾಫಿ ಕೇಳುವವರಿಲ್ಲದಾಯಿತು. ಬೆಳೆಗಾರರನ್ನು ಉಳಿಸಲೆಂದು 1940ರಲ್ಲಿ ಸರ್ಕಾರ ಮಧ್ಯೆ ಬಂತು. 1942ರ ಕಾಫಿ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಅಂದಿನಿಂದ ತೋಟದಲ್ಲಿ ಬೆಳೆದದ್ದೆಲ್ಲ ಕಾಫಿ ಮಂಡಳಿಯ 'ಪೂಲ್'ಗೆ. ಮನೆ ಖರ್ಚಿಗೆ, ಬೀಜಕ್ಕೆ ಇಷ್ಟು ಎಂದು ಇಟ್ಟುಕೊಳ್ಳಬಹುದಿತ್ತು, ಮಿಕ್ಕದ್ದನ್ನು ಹೊರಗೆ ಮಾರಿದರೆ ಅಪರಾಧ. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ಪೂಲ್ ಮಾತ್ರ ಅರ್ಧ ಶತಮಾನ ನಿಂತಿತು. ಬೆಳೆಗಾರ ಕೊಟ್ಟ ಕಾಫಿಗೆ ಹಣ ಒಂದೇ ಸಲ ಬರುತ್ತಿರಲಿಲ್ಲ, ಕಂತು ಕಂತಾಗಿ ಬರುತ್ತಿತ್ತು. ಈ ವರ್ಷದ ಬೆಳೆಯ ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಬೆಳೆ ಕಣದಲ್ಲಿರುತ್ತಿತ್ತು. ನಮ್ಮ ಅಪ್ಪಯ್ಯ ಹೇಳುತ್ತಿದ್ದ ಒಂದು ಸಂಗತಿ ನೆನಪಿದೆ. ನೆಂಟರ ಮದುವೆಗೆಂದು ಸ್ವಂತ ತೋಟದ ಕಾಫಿಪುಡಿ ಕಟ್ಟಿಕೊಂಡು ಬಸ್ಸು ಹತ್ತಿದರೆ, ಚೆಕ್‌ಪೋಸ್ಟಿನಲ್ಲಿ ಯಾರಾದರೂ ಕೇಳಿಬಿಟ್ಟರೆ ಎಂದು ಎದೆ ಹೊಡೆದುಕೊಳ್ಳುತ್ತಿತ್ತಂತೆ. ತಾನೇ ನೆಟ್ಟು, ತಾನೇ ಕೊಯ್ದದ್ದನ್ನು ಹೊತ್ತ ಮನುಷ್ಯನಿಗೆ ಕಳ್ಳನ ಅಳುಕು.

ಇಂಥ ಅಳುಕಿನ ವಿರುದ್ಧವೇ ರಾಜಾಜಿ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದ್ದು. ಆ ವರ್ಷದ ಆರಂಭದಲ್ಲಿ ನಾಗಪುರದಲ್ಲಿ ಕಾಂಗ್ರೆಸ್ ಸಹಕಾರಿ ಬೇಸಾಯದ ನಿರ್ಣಯ ಮಾಡಿತ್ತು. ನಾಳೆ ಜಮೀನೂ ನಮ್ಮದಲ್ಲ ಎಂಬ ಭಯ ರೈತರಲ್ಲಿ ಹುಟ್ಟಿತು. ಎನ್.ಜಿ. ರಂಗಾ, ಮೀನೂ ಮಸಾನಿ ಜೊತೆಗೂಡಿದರು. 'ಪರ್ಮಿಟ್, ಲೈಸೆನ್ಸ್, ಕೋಟಾ ರಾಜ್ಯ' ಎಂದು ರಾಜಾಜಿ ಇಟ್ಟ ಹೆಸರು ಇಂದಿಗೂ ಚಾಲ್ತಿಯಲ್ಲಿದೆ. 1967ರಲ್ಲಿ ಲೋಕಸಭೆಯಲ್ಲಿ 44 ಸ್ಥಾನ ಗೆದ್ದ ಆ ಪಕ್ಷ 1974ರಲ್ಲಿ ಭಾರತೀಯ ಲೋಕದಳದಲ್ಲಿ ಕರಗಿಹೋಯಿತು. ಅದು ಎತ್ತಿದ ಮಾತು ಮಾತ್ರ ಸುಳ್ಳಾಗಿರಲಿಲ್ಲ. 1992ರಲ್ಲಿ ಬೆಳೆಗಾರನಿಗೆ ತನ್ನ ಕಾಫಿಯಲ್ಲಿ ಶೇ. 30ರಷ್ಟನ್ನು ದೇಶದೊಳಗೆ ತಾನೇ ಮಾರುವ ಹಕ್ಕು ಸಿಕ್ಕಿತು, 1993ರಲ್ಲಿ ಅರ್ಧದಷ್ಟಕ್ಕೆ ಮುಕ್ತ ಮಾರಾಟ ಬಂತು, 1996ರಲ್ಲಿ ಪೂಲ್ ಪೂರ್ತಿ ಮುಚ್ಚಿತು. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಬೆಳೆ ಸುಟ್ಟಿದ್ದರಿಂದ ದರವೂ ಏರಿತ್ತು. ನಮ್ಮ ಕಡೆ ಹಂಚಿನ ಮನೆಗಳು ತಾರಸಿಯಾದದ್ದು, ಅಂಗಳಕ್ಕೆ ಜೀಪು ಬಂದದ್ದು, ಮಕ್ಕಳು ಇಂಜಿನಿಯರಿಂಗಿಗೆ ಹೋದದ್ದು ಆ ನಾಲ್ಕಾರು ವರ್ಷಗಳಲ್ಲಿ. ಲಿಬರ್ಟೇರಿಯನ್ನರ ಮಾತು ಅಲ್ಲಿ ನೂರಕ್ಕೆ ನೂರು ನಿಜವಾಯಿತು. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಇವತ್ತಿಗೂ ಸೆಕ್ಷನ್ 4ರ ಅರಣ್ಯ ಅಧಿಸೂಚನೆಯೊಳಗೆ ಸಿಕ್ಕಿಬಿದ್ದು, ಅಜ್ಜನ ಕಾಲದ ಮನೆಗೆ ಹಕ್ಕುಪತ್ರವಿಲ್ಲದೆ ಅಲೆಯುವವರ ಜೊತೆ ತಾಲೂಕು ಕಚೇರಿಯ ಮೆಟ್ಟಿಲ ಮೇಲೆ ಒಂದು ಬೆಳಗ್ಗೆ ಕೂತು ನೋಡಿದರೆ ಸರ್ಕಾರದ ಮೇಲಿನ ಸಿಟ್ಟು ಯಾರಿಗೂ ಬರುತ್ತದೆ.

ಆದರೆ ಕಥೆ 1996ಕ್ಕೆ ಮುಗಿಯಲಿಲ್ಲ. ದೇಶಗಳ ನಡುವೆ ರಫ್ತಿನ ಕೋಟಾ ಹಂಚಿ ದರವನ್ನು ಹಿಡಿದಿಟ್ಟಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ವ್ಯವಸ್ಥೆ 1989ರಲ್ಲೇ ಮುರಿದಿತ್ತು. ವಿಯೆಟ್ನಾಂ ರೊಬಸ್ಟಾ ಬೆಳೆದು ಜಗತ್ತಿನ ಮಾರುಕಟ್ಟೆಗೆ ಸುರಿಯಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ದರ ನೆಲ ಕಚ್ಚಿತು. ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ಗಿಡದಲ್ಲೇ ಬಿಟ್ಟ ತೋಟಗಳನ್ನು ನಾನು ಕಂಡಿದ್ದೇನೆ. ಪೂಲ್ ಬೇಡ ಎಂದು ಹೋರಾಡಿದ ಅದೇ ಬೆಳೆಗಾರರು ಆಗ ದೆಹಲಿಗೆ ನಿಯೋಗ ಒಯ್ದರು, ಸಾಲ ಪರಿಹಾರ ಕೇಳಿದರು. 2010ರಲ್ಲಿ ಸಣ್ಣ ಬೆಳೆಗಾರರಿಗೆ ಕೇಂದ್ರದ ಸಾಲ ಪರಿಹಾರ ಪ್ಯಾಕೇಜೂ ಬಂತು. ಇದನ್ನು ಇಬ್ಬಂದಿತನ ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. 'ನನ್ನ ಬೆಳೆ ಮಾರಲು ನನ್ನನ್ನು ಬಿಡು, ವಿಯೆಟ್ನಾಮಿನ ಸುಗ್ಗಿ ನನ್ನನ್ನು ಕೆಡವುವಾಗ ಜೊತೆಗೆ ನಿಲ್ಲು' ಎಂಬುದು ಒಂದೇ ಮಾತು, ಒಂದೇ ಬಾಯಿ. ಪರೀಕ್ಷೆಯಲ್ಲಿ ಮೊದಲರ್ಧಕ್ಕೆ 20 ಅಂಕ, ಎರಡನೆಯದಕ್ಕೆ ಸೊನ್ನೆ. ಸೇರಿಸಿ ಭಾಗಿಸಿದರೆ ಗೌಡರ ನಡುಚೌಕ.

ಸರ್ಕಾರ ಎಷ್ಟು ಚಿಕ್ಕದಿರಬೇಕು ಎಂದು ಕೇಳಿದರೆ ಈ ಪಂಥದ ಒಳ್ಳೆಯ ಚಿಂತಕರು ಕೊಡುವ ಉತ್ತರ ಸ್ಪಷ್ಟವಾಗಿದೆ: ರಾತ್ರಿ ಪಾಳಿಯ ಕಾವಲುಗಾರನಷ್ಟು. ಕಳ್ಳನನ್ನು ಹಿಡಿಯಲಿ, ಕೋರ್ಟು ನಡೆಸಲಿ, ಕರಾರು ಮುರಿದವನಿಂದ ವಸೂಲಿ ಮಾಡಿಸಲಿ, ಅಷ್ಟೇ. ಕೇಳುವುದಕ್ಕೆ ಎಷ್ಟು ಸೌಮ್ಯ! ಆದರೆ ಇಂದು ಮಲೆನಾಡಿನ ಕಾಫಿ ಬೆಳೆಗಾರ ಅತಿ ಹೆಚ್ಚು ಹೆದರುವುದು ಈ ಕಾವಲುಗಾರನ ಕೆಲಸಕ್ಕೇ. 2002ರ ಸರ್ಫೇಸಿ ಕಾಯ್ದೆಯಡಿ, ಸಾಲ ಕಟ್ಟದ ಆಸ್ತಿಯನ್ನು ಬ್ಯಾಂಕು ಕೋರ್ಟಿಗೆ ಹೋಗದೆಯೇ ವಶಪಡಿಸಿಕೊಂಡು ಹರಾಜು ಹಾಕಬಹುದು. ಕೃಷಿ ಜಮೀನಿಗೆ ವಿನಾಯಿತಿ ಇದೆ, ಕಾಫಿ ತೋಟಕ್ಕೆ ಆ ವಿನಾಯಿತಿ ಸಿಗುತ್ತಿಲ್ಲ ಎಂಬುದೇ ಬೆಳೆಗಾರರ ಕೂಗು. ಹರಾಜಿನ ನೋಟಿಸು ಕಾವಲುಗಾರ ಸರ್ಕಾರದ ಶುದ್ಧ ರೂಪ. ಅದು ಕರಾರನ್ನು ಕಾಯುತ್ತದೆ, ಕರಾರಿಗೆ ಸಹಿ ಹಾಕಿದಂದಿನಿಂದ ಮಳೆ ಎಷ್ಟು ಸುರಿಯಿತು ಎಂದು ಕೇಳುವುದಿಲ್ಲ. ಅಂದರೆ 'ಚಿಕ್ಕ ಸರ್ಕಾರ' ಯಾರ ಪಾಲಿಗೂ ಚಿಕ್ಕದಾಗದೆ, ಒಬ್ಬರ ಪಾಲಿಗೆ ಇಲ್ಲವಾಗಿ ಇನ್ನೊಬ್ಬರ ಪಾಲಿಗೆ ಪೂರ್ತಿ ಉಳಿದಿರಬಹುದು.

ಕಾಫಿಯಿಂದ ಅಡಿಕೆಗೆ ಬಂದರೆ ಮಾತು ಇನ್ನೂ ಬಿಗಿಯಾಗುತ್ತದೆ. ಕೊಳೆರೋಗ ಗೊತ್ತಿಲ್ಲದವರು ನಮ್ಮ ಮೂರು ತಾಲೂಕಿನಲ್ಲಿಲ್ಲ. ಆಷಾಢದ ಮಳೆಯಲ್ಲಿ ಎಳೆಯ ಕಾಯಿಯ ಮೇಲೆ ನೀರು ಕುಡಿದಂಥ ಕಲೆ, ಆಮೇಲೆ ಬಿಳಿ ಬೂಷ್ಟು, ಆಮೇಲೆ ಬುಡದ ತುಂಬ ಉದುರಿದ ಹಸಿರು ಕಾಯಿ. ಹಿಂದೆ ಕೊನೆಗೆ ಕೊಟ್ಟೆ ಕಟ್ಟಿ ಮಳೆ ತಪ್ಪಿಸುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೆನಡಾದಿಂದ ಲೆಸ್ಲಿ ಕೋಲ್ಮನ್ ಬಂದರು. ಅವರು ಈ ರೋಗದ ಬೆನ್ನು ಹತ್ತಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಅಡಿಕೆ ಕೊನೆಗೆ ಹೊಡೆಯುವ ಕ್ರಮ ತೋರಿಸಿಕೊಟ್ಟರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ನೂರು ವರ್ಷ ದಾಟಿದರೂ ನಾವು ಕಲಸುವುದು ಅದನ್ನೇ. ಕೋಲ್ಮನ್ ಸಂಸ್ಥಾನದ ಸಂಬಳ ಪಡೆಯುತ್ತಿದ್ದ ಅಧಿಕಾರಿ. ಕಾಫಿ ಸಂಶೋಧನೆಗೆಂದು ಬಾಳೆಹೊನ್ನೂರಿನ ಬಳಿ 1925ರಲ್ಲಿ ಪ್ರಯೋಗ ಕೇಂದ್ರ ಶುರುವಾದದ್ದೂ ಸಂಸ್ಥಾನದ ಹಣದಲ್ಲೇ. ಇಂದು ಅದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಯಾವ ಒಬ್ಬ ಬೆಳೆಗಾರನೂ ತನ್ನ ಕಿಸೆಯಿಂದ ಅಂಥದ್ದನ್ನು ಕಟ್ಟುತ್ತಿರಲಿಲ್ಲ, ಏಕೆಂದರೆ ಕಂಡುಹಿಡಿದ ಮದ್ದು ಪಕ್ಕದವನಿಗೂ ಪುಕ್ಕಟೆ ಸಿಗುತ್ತದೆ.

ರೋಗವೂ ಅಷ್ಟೇ, ಪಕ್ಕದವನಿಗೆ ಪುಕ್ಕಟೆ. ಕೊಳೆಯ ಬೀಜಾಣು ಮಳೆಗಾಳಿಯಲ್ಲಿ ಹಾರುತ್ತದೆ, ಅದಕ್ಕೆ ಸರ್ವೆ ನಂಬರ್ ಗೊತ್ತಿಲ್ಲ. ನಾನು ಎರಡು ಸಲ ಹೊಡೆದು, ಆಚೆಯವರು ಒಂದು ಸಲವೂ ಹೊಡೆಯದಿದ್ದರೆ ನನ್ನ ಕಾಯಿಯೂ ಉದುರುತ್ತದೆ. ಶೃಂಗೇರಿ, ಕೊಪ್ಪದ ತೋಟಗಳನ್ನು ವರ್ಷಗಳಿಂದ ತಿನ್ನುತ್ತಿರುವ ಹಳದಿ ಎಲೆ ರೋಗಕ್ಕಂತೂ ಇನ್ನೂ ಮದ್ದೇ ಇಲ್ಲ. ಕೀಟ ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ಒಂದು ತಲೆಮಾರು ಎರೆದ ನೀರೆಲ್ಲ ಕಣ್ಣೆದುರೇ ಹಳದಿಯಾಗಿ ಒಣಗುತ್ತದೆ. 'ನನ್ನ ಆಸ್ತಿಯಲ್ಲಿ ನನಗಿಷ್ಟ ಬಂದದ್ದು ಮಾಡುತ್ತೇನೆ, ಇನ್ನೊಬ್ಬರಿಗೆ ತೊಂದರೆಯಾಗದಷ್ಟು ಕಾಲ' ಎಂಬುದು ಲಿಬರ್ಟೇರಿಯನ್ ವಿಚಾರದ ನಡುಗಂಬ. ಬಯಲುಸೀಮೆಯ ಒಂಟಿ ಹೊಲದಲ್ಲಿ ಆ ಕಂಬ ನಿಲ್ಲಬಹುದೇನೋ. ತೋಟಕ್ಕೆ ತೋಟ ಅಂಟಿಕೊಂಡು, ಒಂದೇ ಹಳ್ಳದ ನೀರು ಹಂಚಿಕೊಂಡು, ಒಂದೇ ಸೊಪ್ಪಿನಬೆಟ್ಟದ ದರಕು ಗುಡಿಸುವ ಕಡೆ ಇನ್ನೊಬ್ಬರಿಗೆ ತೊಂದರೆಯಾಗದ ಕೆಲಸ ಯಾವುದಿದೆ? ಸುಮ್ಮನಿರುವುದೂ ಇಲ್ಲಿ ತೊಂದರೆಯೇ.

ಅಡಿಕೆಯವರು ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಮಂಡಿಯವರ ಸಾಲ, ಮಂಡಿಯವರದೇ ತೂಕ, ಮಂಡಿಯವರದೇ ದರ ಎಂಬ ಸ್ಥಿತಿಯಿಂದ ಹೊರಬರಲು 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್‌ಕೋಸ್ ಎಂಬ ಸಹಕಾರ ಸಂಘ ಕಟ್ಟಿದರು. 1973ರಲ್ಲಿ ಮಂಗಳೂರಿನಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕ್ಯಾಂಪ್ಕೋ ಹುಟ್ಟಿತು. ಕೊಪ್ಪದ ಮ್ಯಾಮ್‌ಕೋಸ್‌ನಲ್ಲಿ ರಾಶಿ, ಬೆಟ್ಟೆ, ಗೊರಬಲಿನ ಮೂಟೆ ಇಳಿಸುವವನನ್ನು ಚಿತ್ರದ ಯಾವ ಮೂಲೆಗೆ ಹಾಕುತ್ತೀರಿ? ಅವನು ಸರ್ಕಾರಿ ಪೂಲ್‌ಗೆ ಕೊಡುತ್ತಿಲ್ಲ, ಒಂಟಿಯಾಗಿ ಸಂತೆಗೂ ಹೋಗಿಲ್ಲ. ಪರೀಕ್ಷೆಗೆ ಸರ್ಕಾರ ಗೊತ್ತು, ಒಂಟಿ ಮನುಷ್ಯ ಗೊತ್ತು. ನಡುವೆ ಸಂಘವೆಂಬುದು ಒಂದಿದೆ ಎಂದು ಗೊತ್ತಿಲ್ಲ. ವಿದೇಶಿ ಅಡಿಕೆಯ ಕನಿಷ್ಠ ಆಮದು ದರವನ್ನು 2023ರಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದಾಗ, ಕಾಫಿಗೆ ಮುಕ್ತ ಮಾರುಕಟ್ಟೆ ಕೇಳಿದ ಮನೆಯವರೇ ಪಟಾಕಿ ಹೊಡೆಯುವಷ್ಟು ಸಂತೋಷಪಟ್ಟರು. ಒಂದೇ ತೋಟ, ಮೇಲೆ ಅಡಿಕೆ, ಕೆಳಗೆ ಕಾಫಿ. ಒಂದನ್ನು ಹೊರದೇಶಕ್ಕೆ ಮಾರಬೇಕು, ಇನ್ನೊಂದಕ್ಕೆ ಹೊರದೇಶದ ಅಡಿಕೆಯಿಂದ ರಕ್ಷಣೆ ಬೇಕು.

ಇಲ್ಲಿಯವರೆಗೆ ತೋಟ ಇರುವವರ ಮಾತು ಆಡಿದೆ. ತೋಟ ಇಲ್ಲದವರ ಕಡೆಯಿಂದ ನೋಡಿದರೆ ನನ್ನ ಅನುಮಾನ ಇನ್ನೂ ಆಳಕ್ಕೆ ಇಳಿಯುತ್ತದೆ.

1974ರಲ್ಲಿ ಎರಡು ಸಂಗತಿಗಳಾದವು. ಅಮೆರಿಕದ ಹಾರ್ವರ್ಡಿನಲ್ಲಿ ತತ್ತ್ವಶಾಸ್ತ್ರ ಹೇಳುತ್ತಿದ್ದ ರಾಬರ್ಟ್ ನೋಜಿಕ್ 'ಅನಾರ್ಕಿ, ಸ್ಟೇಟ್ ಅಂಡ್ ಯುಟೋಪಿಯಾ' ಎಂಬ ಪುಸ್ತಕ ಪ್ರಕಟಿಸಿದರು. ಆಸ್ತಿ ನ್ಯಾಯವಾಗಿ ಬಂದಿದ್ದರೆ, ಒಪ್ಪಿಗೆಯಿಂದ ಕೈ ಬದಲಾಗಿದ್ದರೆ, ಅದನ್ನು ಕಿತ್ತು ಹಂಚುವ ಹಕ್ಕು ಯಾವ ಸರ್ಕಾರಕ್ಕೂ ಇಲ್ಲ ಎಂಬುದು ಅದರ ವಾದ. ಅದೇ ವರ್ಷ ಮಾರ್ಚ್ 1ರಂದು ಕರ್ನಾಟಕದಲ್ಲಿ ದೇವರಾಜ ಅರಸರ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುತ್ತಿದ್ದವನು ಏಳನೇ ನಮೂನೆಯಲ್ಲಿ ಅರ್ಜಿ ಕೊಟ್ಟರೆ ಟ್ರಿಬ್ಯೂನಲ್ ಅವನಿಗೆ ಹಕ್ಕು ಕೊಡುವ ವ್ಯವಸ್ಥೆ. ಕಾಫಿ ತೋಟಗಳು ಅದರಿಂದ ಹೊರಗುಳಿದವು. ಗದ್ದೆ, ಅಡಿಕೆ ತೋಟಗಳು ಕೈ ಬದಲಾದವು. ಕೊಪ್ಪ, ಶೃಂಗೇರಿ ಸೀಮೆಯಲ್ಲಿ ಇಂದು ಎರಡೆಕರೆ ತೋಟದ ಯಜಮಾನರಾಗಿ, ಮಕ್ಕಳನ್ನು ಓದಿಸಿ, ಸೊಸೈಟಿ ಚುನಾವಣೆಗೆ ನಿಲ್ಲುವ ಎಷ್ಟೋ ಮನೆಗಳ ಆಸ್ತಿಯ ಮೂಲ ಆ ಏಳನೇ ನಮೂನೆ. ಹಾಗೆಯೇ, ದೇವಸ್ಥಾನದ ಪೂಜೆ, ಗೇಣಿ ಅಕ್ಕಿಯನ್ನೇ ನಂಬಿದ್ದ ವಿಧವೆಯರ ಮನೆಗಳು ಬರಿದಾದದ್ದೂ ಸತ್ಯ. ಆ ನೋವನ್ನು ನಾನು ಹಗುರ ಮಾಡಲಾರೆ.

ನೋಜಿಕ್ ಪ್ರಾಮಾಣಿಕ ಚಿಂತಕ. ಹಿಂದೆ ಅನ್ಯಾಯದಿಂದ ಬಂದ ಆಸ್ತಿಯಾದರೆ ಅದನ್ನು ಸರಿಪಡಿಸಬೇಕಾಗುತ್ತದೆ ಎಂದು ಅವರೇ ಬರೆದಿದ್ದಾರೆ. ಹತ್ತು ಪ್ರಶ್ನೆಗಳ ಕಾರ್ಡಿನಲ್ಲಿ ಬಿಟ್ಟುಹೋದದ್ದು ಆ ಪುಟ. 'ಈ ಆಸ್ತಿ ನಿನಗೆ ಹೇಗೆ ಬಂತು?' ಎಂಬ ಹನ್ನೊಂದನೇ ಪ್ರಶ್ನೆಯನ್ನು ಆ ಕಾರ್ಡು ಕೇಳುವುದಿಲ್ಲ.

ಜೀತದ ಮಾತೂ ಇದೇ. ಮದುವೆಗೆಂದು ಯಜಮಾನನಿಂದ ಸಾಲ ತೆಗೆದು, ತೀರುವತನಕ ದುಡಿಯುತ್ತೇನೆಂದು ಒಪ್ಪಿ, ತೀರದೆ ಮಗನನ್ನೂ ಬಿಟ್ಟುಹೋಗುವ ಪದ್ಧತಿ ಈ ಗುಡ್ಡಗಳಲ್ಲಿ ಇತ್ತು. ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು, 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಬಹುಭಾಗವನ್ನು ಇಂಥ ಆಳುಗಳ ಬದುಕಿಗೆ ಕೊಟ್ಟಿದ್ದಾರೆ. ಇಷ್ಟಪಟ್ಟವಳನ್ನು ಮದುವೆಯಾಗಲೂ ಒಬ್ಬ ಆಳು ಊರು ಬಿಟ್ಟು ಓಡಬೇಕಾದ ಲೋಕ ಅದು. ಕಾಗದದ ಮೇಲೆ ನೋಡಿದರೆ ಜೀತವೂ ಒಂದು ಕರಾರು, ಇಬ್ಬರೂ ಒಪ್ಪಿದ್ದು. ಅದನ್ನು ಮುರಿದದ್ದು 1976ರ ಜೀತ ನಿರ್ಮೂಲನಾ ಕಾಯ್ದೆ, ಅಂದರೆ ಸರ್ಕಾರ. ಸರ್ಕಾರ ಮಧ್ಯೆ ಬಂದದ್ದರಿಂದ ಆ ಆಳಿನ ಸ್ವಾತಂತ್ರ್ಯ ಹೆಚ್ಚಿತು. ನೋಲನ್ನನ ಎರಡು ಗೆರೆಗಳಲ್ಲಿ ಈ ಹೆಚ್ಚಳ ಇಳಿಕೆಯಾಗಿ ಕಾಣುತ್ತದೆ.

ಅದೇ ಚಿತ್ರ ಇನ್ನೊಂದು ಕಡೆಯೂ ತಪ್ಪು ತೋರಿಸುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂತಿಮ ಅಧಿಸೂಚನೆ 2001ರಲ್ಲಿ ಬಂದಾಗ ಶೃಂಗೇರಿ ತಾಲೂಕಿನ ಕಾಡಂಚಿನ ಗೌಡ್ಲು, ಮಲೆಕುಡಿಯ ಕುಟುಂಬಗಳು 'ನಮ್ಮ ನೆಲದಲ್ಲಿ ನಮ್ಮನ್ನು ಬಿಡಿ' ಎಂದವು. ಆಸ್ತಿ ಹಕ್ಕಿನ ಇದಕ್ಕಿಂತ ಶುದ್ಧವಾದ ಕೂಗು ಬೇರೊಂದಿರಲಾರದು. ಆದರೆ ಆ ಕೂಗನ್ನು ಎತ್ತಿಕೊಂಡು ಕಾಡಿಗೆ ಹೋದವರು ತೀವ್ರ ಎಡಪಂಥದವರು, ಕೈಯಲ್ಲಿ ಬಂದೂಕು ಹಿಡಿದು. 2005ರ ಫೆಬ್ರವರಿಯಲ್ಲಿ ಕೊಪ್ಪದ ಮೆಣಸಿನಹಾಡ್ಯದಲ್ಲಿ ಅವರ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಿದ್ದರು. ಸುಮಾರು ಇಪ್ಪತ್ತು ವರ್ಷದ ಮೇಲೆ, 2025ರ ಜನವರಿಯಲ್ಲಿ, ಅವರಲ್ಲಿ ಆರು ಮಂದಿ ಶರಣಾದರು. ಆಸ್ತಿ ಹಕ್ಕಿನ ಪಂಥ ಈ ಕುಟುಂಬಗಳ ಹೆಸರನ್ನು ಎಂದೂ ಎತ್ತಲಿಲ್ಲವೇಕೆ ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ಈ ವಿಚಾರವನ್ನು ಒಂದು ಊರಿನಲ್ಲಿ ನಡೆಸಿ ನೋಡಿದವರೂ ಇದ್ದಾರೆ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದಲ್ಲಿ ಗ್ರಾಫ್ಟನ್ ಎಂಬ ಕಾಡಂಚಿನ ಊರಿದೆ, ಜನಸಂಖ್ಯೆ ಸಾವಿರದ ಚಿಲ್ಲರೆ. 2004ರಿಂದ ಲಿಬರ್ಟೇರಿಯನ್ನರು ಅಲ್ಲಿಗೆ ಬಂದು ನೆಲೆಸಿ, ಸ್ವತಂತ್ರ ಊರು ಮಾಡಲು ಹೊರಟರು. ಮೊದಲೇ ಸಣ್ಣದಿದ್ದ ಊರಿನ ಬಜೆಟ್ಟನ್ನು ಶೇ. 30ರಷ್ಟು ಕಡಿದರು. ರಸ್ತೆಯ ಗುಂಡಿ ಹಾಗೇ ಉಳಿಯಿತು, ಬೀದಿದೀಪ ಆರಿತು. ಕಸ ಹೇಗಿಡಬೇಕೆಂದು ಯಾರೂ ಯಾರಿಗೂ ಹೇಳುವಂತಿರಲಿಲ್ಲ. ಕೆಲವರು ಕರಡಿಗೆ ತಿಂಡಿಯನ್ನೂ ಹಾಕುತ್ತಿದ್ದರು. ಕರಡಿಗಳು ಅಂಗಳಕ್ಕೆ, ಆಮೇಲೆ ಮನೆಯೊಳಕ್ಕೆ ಬಂದವು. 2012ರಲ್ಲಿ ಒಬ್ಬ ಮಹಿಳೆ ಮನೆಯಲ್ಲೇ ದಾಳಿಗೆ ಸಿಕ್ಕರು. ಮ್ಯಾಥ್ಯೂ ಹೊಂಗೋಲ್ಟ್ಜ್-ಹೆಟ್ಲಿಂಗ್ ಎಂಬ ಪತ್ರಕರ್ತ 2020ರಲ್ಲಿ ಇದನ್ನೇ ಪುಸ್ತಕ ಮಾಡಿದ. ನರಸಿಂಹರಾಜಪುರ, ಬಾಳೆಹೊನ್ನೂರಿನ ಕಡೆಯವರಿಗೆ ಈ ಕಥೆ ದೂರದ್ದೆನಿಸದು. ಭದ್ರಾ ಅಭಯಾರಣ್ಯದಂಚಿನ ಊರುಗಳಲ್ಲಿ ಆನೆಗೆ ಹೆದರಿ ಸಂಜೆ ಐದಕ್ಕೇ ತೋಟದ ಕೆಲಸ ನಿಲ್ಲಿಸುವವರಿದ್ದಾರೆ. ಒಬ್ಬನು ತನ್ನ ಖರ್ಚಿನಲ್ಲಿ ಸೋಲಾರ್ ಬೇಲಿ ಹಾಕಿದರೆ ಆನೆ ಪಕ್ಕದ ತೋಟಕ್ಕೆ ಹೋಗುತ್ತದೆ. ಕಂದಕ ತೋಡುವುದಿದ್ದರೆ ಕಾಡಿನುದ್ದಕ್ಕೂ ತೋಡಬೇಕು. ನಿಗಾ ಪಡೆ ಇಡೀ ಸೀಮೆಗೆ ಬೇಕು. ಅರಣ್ಯ ಇಲಾಖೆಯನ್ನು ಬೆಳಗ್ಗೆ ಶಪಿಸುವವನು ರಾತ್ರಿ ಆನೆ ಬಂದಾಗ ಫೋನು ಮಾಡುವುದೂ ಅದಕ್ಕೇ. ಗೌಡರ 'ಹೌದು' ಮತ್ತು ಕೊನೆಗಾರರ 'ಯಾವ ಅರ್ಧ?' ಎರಡೂ ಒಂದೇ ಇಲಾಖೆಯ ಬಗ್ಗೆ ಇರಬಹುದಲ್ಲವೇ ಎಂದು ನನಗೆ ಹೊಳೆದದ್ದು ಆಮೇಲೆ.

ಪರೀಕ್ಷೆಗಳೇ ಬೇಡ ಎನ್ನುವವನಲ್ಲ ನಾನು. ಜರ್ಮನಿಯಲ್ಲಿ 2002ರಿಂದ ಚುನಾವಣೆಗೆ ಮುಂಚೆ 'ವಾಲ್-ಓ-ಮಾಟ್' ಎಂಬುದನ್ನು ನಡೆಸುತ್ತಾರೆ. ಅದು ನಿನ್ನ ಪಂಥ ಯಾವುದೆಂದು ಕೇಳುವುದಿಲ್ಲ. ಆ ಚುನಾವಣೆಯಲ್ಲಿ ಚರ್ಚೆಯಲ್ಲಿರುವ ಯೋಜನೆ, ತೆರಿಗೆ, ಕಾನೂನಿನ ಬಗ್ಗೆ ಒಂದೊಂದಾಗಿ ಕೇಳಿ, ಪಕ್ಷಗಳೇ ಕೊಟ್ಟ ಉತ್ತರದ ಪಕ್ಕದಲ್ಲಿಟ್ಟು ತೋರಿಸುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೇರಿ ಆಗಿರುವ ಶೃಂಗೇರಿ ವಿಧಾನಸಭಾ ಕ್ಷೇತ್ರದಲ್ಲಿ 2023ರ ಮೇ ತಿಂಗಳ ಎಣಿಕೆಯ ದಿನ ಘೋಷಣೆಯಾದ ಅಂತರ 201 ಮತ. ಇಷ್ಟು ಸಮವಾಗಿ ಸೀಳಿದ ಊರುಗಳಲ್ಲಿ ಅಂಥದ್ದೊಂದು ಕನ್ನಡದಲ್ಲಿ ಬರಬೇಕು. 2020ರಲ್ಲಿ 79ಎ, 79ಬಿ ಕಲಮುಗಳನ್ನು ತೆಗೆದು, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದು ಮಾಡಿದ್ದು ಸರಿಯೇ? ಕಸ್ತೂರಿರಂಗನ್ ವರದಿಯಲ್ಲಿ ನಿಮ್ಮ ಗ್ರಾಮ ಇರಬೇಕೇ? ಸೊಸೈಟಿಯ ಬಡ್ಡಿರಹಿತ ಸಾಲದ ಮಿತಿ ಐದು ಲಕ್ಷ ಸಾಕೇ? ಹೀಗೆ ಕೇಳಿದರೆ ಕೊನೆಗಾರರೂ ಉತ್ತರಿಸುತ್ತಾರೆ, ಯಾವ ಅರ್ಧ ಎಂದು ತಿರುಗಿ ಕೇಳಬೇಕಾಗುವುದಿಲ್ಲ.

ಆ ದಿನ ಅವರನ್ನು ನಾನೇ ಕೇಳಿದೆ, "ನೀವೇ ಹೇಳಿ, ಯಾವ ಅರ್ಧ ತೆಗೀಬೇಕು?" ಅವರು ಸ್ವಲ್ಪ ಹೊತ್ತು ಮಳೆ ನೋಡಿದರು. "ರೇಷನ್ ಅಕ್ಕಿ ಇರ್ಲಿ. ಹುಡುಗಿ ಹಾಸ್ಟೆಲ್ ಇರ್ಲಿ. ಮರದಿಂದ ಬಿದ್ದ ವರ್ಷ ಸರ್ಕಾರಿ ಆಸ್ಪತ್ರೇಲಿ ನೋಡಿದ್ರು, ಅದೂ ಇರ್ಲಿ. ಒಂದು ಸೈನಿಗೆ ನಾಕು ಸಲ ಬಾ ಅಂತಾರಲ್ಲ, ಆ ನಾಕ್ರಲ್ಲಿ ಮೂರು ತೆಗೀಲಿ." ಅಕ್ಕನ ಮಗ ಮೊಬೈಲನ್ನು ಕಿಸೆಗಿಟ್ಟು ಕೇಳಿಸಿಕೊಳ್ಳುತ್ತಿದ್ದ.

ಮೂರು ಗಂಟೆಯ ಹೊತ್ತಿಗೆ ಹೊಳವಾಯಿತು. ಎಲ್ಲರೂ ತೋಟಕ್ಕಿಳಿದೆವು. ನಮ್ಮ ಬೇಲಿಯ ಆಚೆ ಇನ್ನೂರು ಮರದ ಒಂದು ತೋಟವಿದೆ. ಎರಡು ವರ್ಷದ ಹಿಂದೆ ಬೆಂಗಳೂರಿನವರು ಕೊಂಡದ್ದು, ಆ ವರ್ಷ ಔಷಧಿ ಕಂಡಿರಲಿಲ್ಲ. ಆಗಲೇ ನಾಲ್ಕು ಕಾಯಿ ಉದುರಿದ್ದವು. ಫೋನು ಮಾಡೋಣವೆಂದರೆ ಸಿಗ್ನಲ್ ಇರಲಿಲ್ಲ. ಕೊನೆಗಾರರು ಬೇಲಿಯ ಗಳು ಸರಿಸಿ, "ಆಚೆಗೂ ಹೊಡೆದು ಬರ್ಲಾ ಅಯ್ಯಾ? ಇಲ್ದಿದ್ರೆ ನಮ್ದೂ ಉಳಿಯಲ್ಲ" ಎಂದರು. ನಾನು ಗೌಡರ ಮುಖ ನೋಡಿದೆ. ಅವರು ಆಗಲೇ ಇನ್ನೊಂದು ಡ್ರಮ್ಮಿಗೆ ಸುಣ್ಣ ಕಲಸಲು ಶುರು ಮಾಡಿದ್ದರು.